ಬಾಯಿಗಕ್ಕಿ

“ಅಕ್ಕಿ ಡಬ್ಬ ಎಲ್ಲೇ ಗೋದಾ? ಬಾಯಿಗಕ್ಕಿ ಹಾಕ್ಬೇಕು,” ಎನ್ನುತ್ತ ಅತ್ತಿಗೆ ತಿರುಮಲಮ್ಮ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಯತ್ತ ನಡೆದಳು.

ಗಂಡನ ಹೆಣದ ಪಕ್ಕದಲ್ಲಿದ್ದ ಗೋದಾ ದಡಬಡಿಸಿ ಎದ್ದಳು. “ನಾನೇ ತರ್ತೀನಿ.”

“ನೀನು ಅವನ ಪಕ್ಕ ಬಿಟ್ಟು ಏಳ್ಬೇಡ. ಕೂತ್ಕೋ.”

ಕುಳಿತಳು. ಮತ್ತೆ ಎದ್ದಳು. ಪಡಸಾಲೆಯ ತುಂಬ ಮಳವಳ್ಳಿ ಪೇಟೆಯ ಜನ. ಮೇಷ್ಟ್ರು ವೆಂಕಟರಾಮಯ್ಯ ಬೆಳಿಗ್ಗೆ ಗೋಡೆಗೂಡಿನ ಮುಂದೆ ಧ್ಯಾನಕ್ಕೆ ಕುಳಿತವರು ಹಾಗೇ ವಾಲಿಬಿಟ್ಟಿದ್ದರು. ಗೂಡಿನಲ್ಲಿ ವಿಗ್ರಹವಿಲ್ಲ, ಪಟವಿಲ್ಲ. ಒಂದು ದೀಪ ಮಾತ್ರ.

“ಬಿಸ್ಲು ಏರ್ತಾ ಐತೆ, ಬಿರ್ನೆ ತನ್ನಿ ಕಣ್ರವ್ವಾ,” ಎಂದ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಹೊನ್ನಯ್ಯ. ಆಮೇಲೆ ಪಕ್ಕದವನಿಗೆ, “ಬರೀ ಗೂಡ್ಗೆ ಯಾಕ್ ಸಾಮಿ ಕೈ ಮುಗೀತೀರಾ ಅಂತ ಒಂದಪ ಕೇಳ್ದೆ ಕಣ್ಲಾ. ‘ಎಲ್ಲಾ ಕಡೆ ಇರೋನನ್ನ ಒಂದು ಗೂಡಿಗೆ ತುರುಕ್ಲೇನಯ್ಯ?’ ಅಂದ್ಬುಟ್ರು.”

ಅದೇ ಮಾತು ಗೋದಾಳನ್ನು ಚುಚ್ಚಿತು.

*

ಮದುವೆಯಾಗಿ ಬಂದ ವಾರ ಅವಳು ತವರಿನ ಹಿತ್ತಾಳೆ ಕೃಷ್ಣನನ್ನು ಆ ಗೂಡಿನಲ್ಲಿಡಲು ಹೋಗಿದ್ದಳು.

“ಬೇಡ ಗೋದಾ. ಆಕಾರ ಸಿಕ್ಕಿದ್ರೆ ಮನಸ್ಸು ಅಲ್ಲೇ ಕೂತುಬಿಡುತ್ತೆ. ತವರಿಗೆ ಕಳಿಸಿಬಿಡು.”

ಕಳಿಸಿದೆ ಎಂದಳು. ಕೃಷ್ಣ ಅಕ್ಕಿ ಡಬ್ಬದ ತಳ ಸೇರಿದ. ಮಕ್ಕಳಿಲ್ಲದ ಆ ಮನೆಯಲ್ಲಿ ಇಪ್ಪತ್ತೆರಡು ವರ್ಷ, ಅಕ್ಕಿ ಅಳೆಯುವಾಗೆಲ್ಲ ಅವನನ್ನು ಬೆರಳಲ್ಲಿ ಸವರಿ ಬಂದಳು. ತಿಂಗಳಿಗೆ ಮೂರು ದಿನ ಅವಳು ಹೊರಗೆ ಕೂತಾಗ ಮೇಷ್ಟ್ರೇ ಅನ್ನ ಬೇಯಿಸುತ್ತಿದ್ದರು. ಆಗ ಅವನನ್ನು ಇನ್ನೂ ಆಳಕ್ಕೆ ಹೂತಿಡುತ್ತಿದ್ದಳು.

ಯುದ್ಧ ಬಂತು, ಪಡಿತರ ಬಂತು. ಈ ಸಲ ಹೊರಗೆ ಕೂತಾಗ ಡಬ್ಬದಲ್ಲಿ ಎರಡು ಸೇರು ಅಕ್ಕಿಯೂ ಇರಲಿಲ್ಲ. ಇವತ್ತು ನಾಲ್ಕನೆಯ ದಿನ, ಮಿಂದು ಒಳಗೆ ಬರುವಷ್ಟರಲ್ಲಿ ಅವರು ಹೋಗಿದ್ದರು.

ನೋಡಿಬಿಟ್ಟರೇ? ಕೊನೆಗೆ ತನ್ನ ಸುಳ್ಳೇ ಅವರ ಎದೆ ಒಡೆಯಿತೇ?

*

“ಇದೇನೇ ಇದು, ನನ್ನ ತಮ್ಮನ ಮನೇಲಿ!” ತಿರುಮಲಮ್ಮ ಡಬ್ಬವನ್ನು ಪಡಸಾಲೆಗೇ ಹೊತ್ತು ತಂದಳು.

“ನಂದೇ ಅತ್ತಿಗೆ. ಅವರಿಗೆ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ದೆ,” ಎಂದು ಗೋದಾ ಎಲ್ಲರೆದುರೂ ಗೋಳೋ ಎಂದು ಅತ್ತಳು.

“ಮುಚ್ಚಿಟ್ಟಿದ್ದೂ ಅಲ್ಲದೆ ತುಳಸಿ ಬೇರೆ ಏರಿಸಿದೀಯಲ್ಲೇ.”

“ತುಳಸಿನಾ? ನಾನೆಲ್ಲಿ ಮುಟ್ಲಿ? ಮೂರು ದಿನ ಹೊರಗಿದ್ನಲ್ಲ...”

ಅವಳು ಬಗ್ಗಿ ನೋಡಿದಳು. ಕೃಷ್ಣ ಅಕ್ಕಿಯ ಮೇಲೆ ನೆಟ್ಟಗೆ ನಿಂತಿದ್ದ. ಪಾದದ ಬಳಿ ಮೂರು ತುಳಸಿ ಕುಡಿ. ಒಂದು ಒಣಗಿತ್ತು, ಒಂದು ಬಾಡಿತ್ತು, ಒಂದು ಇನ್ನೂ ಹಸಿರಾಗಿತ್ತು.

“ಒತ್ತಾಯ್ತು ಕಣ್ರವ್ವಾ,” ಎಂದು ಹೊನ್ನಯ್ಯ ಕೂಗಿದ.

ಗೋದಾ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ಅಕ್ಕಿ ತೆಗೆದಳು. ಗಂಡನ ತುಟಿಯ ಮೇಲೆ ಅಕ್ಕಿ ಹಾಕಿ, ಅದರ ಮೇಲೆ ಹಸಿರು ಕುಡಿಯನ್ನಿಟ್ಟಳು.