ಅಪುಸ್, ಅಪೂಸೊ

ಹಕ್ಕಿ ಮಂಚದ ಕೆಳಗೆ ರೆಕ್ಕೆ ಬಡಿಯುತ್ತಿತ್ತು. ಹೆಂಡತಿ ಬಾಗಿಲಲ್ಲೇ ನಿಂತಳು. ಜೀವಮಾನವಿಡೀ ಮಕ್ಕಳಿಗೆ ಲ್ಯಾಟಿನ್ ಕಲಿಸಿ ನಿವೃತ್ತಳಾದ ಅವಳಿಗೆ ಹಕ್ಕಿ ಮುಟ್ಟುವುದೆಂದರೆ ಮೈ ಜುಮ್ಮೆನ್ನುತ್ತಿತ್ತು.

"ಪೊರಕೆಯಿಂದ ಈಚೆಗೆ ತಳ್ಳು," ಎಂದ ಮಂಚದ ಮೇಲಿದ್ದ ಗಂಡ.

ಲೋಕದವರಿಗೆಲ್ಲ ಒಂದೇ ಮಾತಿರಲೆಂದು ಕಟ್ಟಿದ ಎಸ್ಪೆರಾಂತೊ ಭಾಷೆಯ ನಿಘಂಟಿಗೆ ಅವನು ಹಕ್ಕಿಗಳ ಹೆಸರು ಸೇರಿಸುತ್ತಿದ್ದವನು. 'ಸತ್ತ ಭಾಷೆಯ ಟೀಚರಮ್ಮ' ಎಂದು ಅವನೂ, 'ಹುಟ್ಟದ ಭಾಷೆಯ ವಕೀಲರು' ಎಂದು ಅವಳೂ ಛೇಡಿಸಿಕೊಳ್ಳುತ್ತಲೇ ಸಂಸಾರ ಸಾಗಿತ್ತು. ಸಕ್ಕರೆ ಕಾಯಿಲೆಗೆ ಅವನ ಎರಡೂ ಪಾದ ತೆಗೆದ ಮೇಲೆ ಆ ಛೇಡಿಸಾಟ ನಿಂತಿತು. ಅವನು ಹತ್ತಲೊಲ್ಲದ ಗಾಲಿಕುರ್ಚಿ ಮೂಲೆಯಲ್ಲಿ ಒಗೆದ ಬಟ್ಟೆ ಹೊತ್ತು ನಿಂತಿತ್ತು. ಅವಳಂತೂ 'ಕಾಲು' ಎಂಬ ಪದವನ್ನೇ ಮನೆಯಿಂದ ಹೊರಗಟ್ಟಿದ್ದಳು. ಮೇಜಿನ ಕಾಲು ಅಲ್ಲಾಡಿದರೂ ಹೆಸರೆತ್ತುತ್ತಿರಲಿಲ್ಲ.

ಕಣ್ಣು ಅರೆಮುಚ್ಚಿ ಪೊರಕೆ ತಳ್ಳಿದಳು. ಅವನು ಬಗ್ಗಿ ಎತ್ತಿಕೊಂಡ. ಮಸಿಬಣ್ಣದ ಮೈ, ಕುಡುಗೋಲಿನಂಥ ರೆಕ್ಕೆ.

"ಬಾನಾಡಿ ಕಣೇ, ಇಂಗ್ಲಿಷಿನ ಸ್ವಿಫ್ಟ್. ನಮ್ಮ ಎಸ್ಪೆರಾಂತೊದಲ್ಲಿ ಅಪೂಸೊ. ನಿಮ್ಮ ಲ್ಯಾಟಿನ್ನಿನ ಅಪುಸ್‌ನಿಂದ ಬಂದಿದ್ದು. ಹಾಗಂದ್ರೇನು?"

"ಮರೆತೋಯ್ತು."

"ಸುಳ್ಳು ಹೇಳ್ಬೇಡ."

ಅವಳು ಪೊರಕೆಯ ಕಡ್ಡಿ ಸರಿಮಾಡುತ್ತ ನಿಂತಳು. "ಗ್ರೀಕರ ಮಾತು. ಅವರಿಂದ ಲ್ಯಾಟಿನ್‌ಗೆ ಬಂತು. ಕಾಲಿಲ್ಲದ್ದು ಅಂತ." ಅಂದವಳೇ ತುಟಿ ಕಚ್ಚಿಕೊಂಡಳು.

ಅವನು ಹಕ್ಕಿಯ ಹೊಟ್ಟೆಯ ಗರಿ ಸರಿಸಿದ. ಒಳಗೆ ಗಿಡ್ಡ ಕಾಲುಗಳು, ಕೊಕ್ಕೆಯಂಥ ಉಗುರುಗಳು.

"ಇದೆಯಲ್ಲೇ! ಗ್ರೀಕರು ಹಿಡಿದು ನೋಡ್ಲಿಲ್ಲ, ನಿಮ್ಮವರು ಕೇಳ್ಲಿಲ್ಲ, ನಾವು ಹಾಗೇ ಬರ್ಕೊಂಡ್ವಿ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನೆಲದಿಂದ ಏಳೋದು ಇದಕ್ಕೆ ಕಷ್ಟ. ಎತ್ತರದಿಂದ ಬಿಡ್ಬೇಕು. ನೀನು ಹಿಡ್ಕೋತೀಯಾ?"

"ಅಯ್ಯೋ, ನನ್ ಕೈಲಾಗಲ್ಲ."

"ಹಾಗಾದ್ರೆ ಆ ಕುರ್ಚಿ ಮೇಲಿನ ಬಟ್ಟೆ ತೆಗಿ."

ಎಲ್ಲಿ ಮನಸ್ಸು ಬದಲಾಯಿಸುತ್ತಾನೋ ಎಂದು ಅವಳು ಬಟ್ಟೆಯನ್ನೆಲ್ಲ ನೆಲಕ್ಕೇ ಸುರಿದಳು. ಹಕ್ಕಿಯನ್ನು ಉಣ್ಣೆಯ ಟೋಪಿಯೊಳಗಿಟ್ಟು, ಅವಳ ಹೆಗಲು ಹಿಡಿದು ಅವನು ಕುರ್ಚಿಗೆ ಜಾರಿದ.

ಅವಳು ಕುರ್ಚಿ ತಳ್ಳಿಕೊಂಡು ಹೊರಬರುತ್ತಲೇ ಮಹಡಿಯ ಮೊಗಸಾಲೆಯಲ್ಲಿ ಎದುರುಮನೆಯಾಕೆ ಸಿಕ್ಕಳು. ಏನೋ ಕೇಳಹೊರಟವಳು ಅವನ ಮಡಚಿದ ಪ್ಯಾಂಟಿನ ತುದಿ ನೋಡಿ ಪಕ್ಕಕ್ಕೆ ಸರಿದಳು. ಅವನು ತಲೆ ತಗ್ಗಿಸಿದ. ಆದರೆ ವಾಪಸ್ ಹೋಗೋಣ ಎನ್ನಲಿಲ್ಲ.

ಮೊಗಸಾಲೆಯ ತುದಿಯಲ್ಲಿ, ತಡೆಗೋಡೆಯ ಸರಳುಗಳಾಚೆ ಅವನು ಕೈ ಚಾಚಿ ಅಂಗೈ ಬಿಚ್ಚಿದ. ಹಕ್ಕಿ ಕದಲಲಿಲ್ಲ, ಉಗುರುಗಳಿಂದ ಅವನ ಚರ್ಮವನ್ನೇ ಕಚ್ಚಿ ಹಿಡಿದಿತ್ತು. ಮರುಕ್ಷಣ ಕಲ್ಲಿನಂತೆ ಕೆಳಗೆ ಬಿತ್ತು. ಅವಳು ಮುಖ ಮುಚ್ಚಿಕೊಂಡಳು.

"ಹೋಯ್ತಾ?"

"ಹಾರಿಹೋಯ್ತು. ಅದು ಹಾಗೇ, ಬಿದ್ದೇ ಮೇಲೇಳೋದು."

ಅವನ ಹೆಬ್ಬೆರಳಿನ ಬುಡದಲ್ಲಿ ಸಣ್ಣ ಕೆಂಪು ಗೀರುಗಳೆದ್ದಿದ್ದವು. ಒರೆಸಲು ಅವಳು ಕರವಸ್ತ್ರ ತೆಗೆದಳು. ಅವನು ಅಂಗೈಯನ್ನು ಸಂಜೆಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ.