ತೊಳೆದ ಕಮಾನು

ಹಾಡು ಪಿಟೀಲಿನ ಕೊನೆಯ ದಪ್ಪ ತಂತಿಗೆ ಇಳಿಯುವ ಜಾಗ ಬಂತು, ಹೋಯಿತು. ಟೀಚರ್ ಅಭ್ಯಾಸಬಲದಿಂದ ಹಲ್ಲು ಕಚ್ಚಿಕೊಂಡು ಕಾದಿದ್ದಳು. ಹಿಂದಿನ ಸಾಲಿನಿಂದ ಬರಬೇಕಿದ್ದ ಕೀರಲು ಬರಲೇ ಇಲ್ಲ. ವರ್ಷದಿಂದ ಪ್ರತಿ ತರಗತಿಯಲ್ಲೂ ಅದೇ ಜಾಗದಲ್ಲಿ ತುಕ್ಕು ಹಿಡಿದ ಗೇಟು ತೆಗೆದಂಥ ಸದ್ದೊಂದು ಏಳುತ್ತಿತ್ತು. ಅವಳು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ ಹಿಂದಕ್ಕೆ ಹೋದಳು.

ಟೈಲರಮ್ಮ ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡು ಕೂತಿದ್ದಳು. ಐವತ್ತು ದಾಟಿದ ಹೆಂಗಸು, ಹಣೆಯ ತುಂಬ ಬೆವರು. ಒಬ್ಬರೇ ಬಾರಿಸಿ ಅಂದಾಗ ಆಕೆ ಬಾರಿಸಿದಳು. ಕಮಾನು ತುದಿಯಿಂದ ತುದಿಗೆ ಓಡಾಡಿತು. ಬಟ್ಟೆಗೆ ಬಟ್ಟೆ ಉಜ್ಜಿದ ಹಾಗೆ ಸರಸರ ಎಂದಿತೇ ಹೊರತು ಸ್ವರವಿಲ್ಲ.

"ಕಮಾನಿಗೆ ಏನು ಮಾಡಿದ್ರಿ ಅಕ್ಕ?"

"ತೊಳೆದೆ," ಎಂದಳು ಟೈಲರಮ್ಮ, ಒಳ್ಳೆಯ ಕೆಲಸ ಮಾಡಿದವರ ದನಿಯಲ್ಲಿ.

ವಾರದ ಕೊನೆಗೆ ಸಂಗೀತಶಾಲೆಯ ವಾರ್ಷಿಕ ಕಛೇರಿ ಇತ್ತು. ಎಲ್ಲರಿಗೂ ಕರಿ ಕೋಟು. ಅಷ್ಟನ್ನೂ ಹೊಲಿಯುತ್ತಿದ್ದವಳು ಆಕೆಯೇ. ಕಮಾನಿನ ಕೂದಲಿಗೆ ಮೆತ್ತಿದ್ದ ಬಿಳಿ ಪುಡಿ ಉದುರಿ ಕೋಟುಗಳು ಹಾಳಾಗುತ್ತವೆಂದು ಹೆದರಿ, ಸೋಪಿನ ನೀರಿನಲ್ಲಿ ಅದ್ದಿ ಬಾಚಿ ಒಣಗಿಸಿದ್ದಳು. ಕತ್ತರಿಸುವ ಮೊದಲು ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ಪುಡಿಯಂಥದ್ದೇ ಇದೂ ಎಂದು ಆಕೆಯ ಲೆಕ್ಕ. ಆ ಪುಡಿ ರಾಳ, ಅದಿಲ್ಲದೆ ಕುದುರೆ ಕೂದಲು ತಂತಿಯನ್ನು ಹಿಡಿಯುವುದೇ ಇಲ್ಲ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ರಾಳ ಹಚ್ಚುವ ಕೆಲಸ ಟೀಚರ್‌ದು. ಕಲಿಯುವವರ ಕೈಗೆ ಕೊಟ್ಟರೆ ಒಂದೋ ಬೀಳಿಸಿ ಚೂರು ಮಾಡುತ್ತಾರೆ, ಇಲ್ಲವೇ ಗಿರಣಿಯವನ ಹಾಗೆ ಮೈಯೆಲ್ಲ ಹಿಟ್ಟು ಮಾಡಿಕೊಳ್ಳುತ್ತಾರೆ. ಹಾಗಾಗಿ ಕಮಾನುಗಳೆಲ್ಲ ಅವಳ ಮೇಜಿಗೆ ಹೋಗಿ ವಾಪಸು ಬರುತ್ತಿದ್ದವು, ಅಷ್ಟೇ.

ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನಿಂದ ಚಪ್ಪಾಳೆ ಕೇಳಿಸಿತು. ಶಾಲೆಯ ಡೈರೆಕ್ಟರ್. ಯಾವುದಕ್ಕೂ 'ಫಿನಿಶಿಂಗ್ ಸಾಲದು' ಎನ್ನುತ್ತಿದ್ದನಾದ್ದರಿಂದ ಬೆನ್ನ ಹಿಂದೆ ಎಲ್ಲರೂ ಫಿನಿಶಿಂಗ್ ಸಾರ್ ಎನ್ನುತ್ತಿದ್ದರು. ಈಗ ಫಿನಿಶಿಂಗ್ ಬಂತು ಎಂದು ಹೊಗಳಿದ. ಟೈಲರಮ್ಮನಿಗೆ ತಲೆ ಕೆಡಿಸಿಕೊಳ್ಳಬೇಡಿ, ನೀರಾರಿದರೆ ತಾನಾಗಿ ಸರಿಹೋಗುತ್ತದೆ, ಹೀಗೇ ಬಾರಿಸುತ್ತಿರಿ ಎಂದ. ಆಮೇಲೆ ಟೀಚರನ್ನು ಮೆಟ್ಟಿಲ ಹತ್ತಿರ ಕರೆದ. ಕೆಳಗಿನ ಟೈರು ಅಂಗಡಿಯ ರಬ್ಬರಿನ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು.

"ಇವತ್ತು ಮೊದಲನೇ ಸಲ ಅದು ಹಾಡಿನ ಥರ ಕೇಳಿಸ್ತು ಮೇಡಂ. ರಾಳ ಗೀಳ ಅಂತ ಹಚ್ಚೋಕೆ ಹೋಗ್ಬೇಡಿ."

ತಮಾಷೆ ಎಂದುಕೊಂಡಳು. ಅವನಿಗೆ ತಮಾಷೆ ಬರುತ್ತಿರಲಿಲ್ಲ. ಹಿಂದಿನ ಸಾಲಿನ ಇನ್ನಿಬ್ಬರ ಕಮಾನನ್ನೂ ಸರ್ವೀಸಿಗೆಂದು ತರಿಸಿ ತೊಳೆಸುತ್ತೇನೆ ಎಂದ. ಕಿವಿಗೆ ಯಂತ್ರ ಹಾಕಿಕೊಂಡ ನಿವೃತ್ತ ಗುಮಾಸ್ತರೊಬ್ಬರು, ತಾಳವನ್ನು ಬಾಯಿಬಿಟ್ಟು ಎಣಿಸುವ ಔಷಧಿ ಅಂಗಡಿಯ ಹುಡುಗಿಯೊಬ್ಬಳು. ಜನ ಬರುವುದು ನೋಡಲಿಕ್ಕೆ, ವಿಡಿಯೋದಲ್ಲಿ ಕೈಗಳು ಒಟ್ಟಿಗೆ ಆಡಿದರೆ ಸಾಕು, ಸದ್ದಿಗೆ ಮುಂದಿನ ಸಾಲಿದೆ, ನೀವಿದ್ದೀರಿ ಎಂದ. ಮುಂದಿನ ತಿಂಗಳಿಂದ ಮೇಲಿನ ಹಂತದ ತರಗತಿ ನಿಮಗೇ ಎಂದು ಹೇಳಿದ್ದು ನೆನಪಿದೆಯಲ್ಲ ಎಂದೂ ಸೇರಿಸಿದ. ಅವಳು ಒಳಗೆ ಹೋಗಿ ತರಗತಿ ಮುಂದುವರಿಸಿದಳು. ಹಾಡು ನುಣ್ಣಗೆ ಸಾಗಿತು. ಅಷ್ಟು ನುಣ್ಣಗಿನ ಹಾಡನ್ನು ಅವಳು ಆ ಕೋಣೆಯಲ್ಲಿ ಕೇಳಿರಲಿಲ್ಲ.

ಕಲಿಸುವುದರ ಬಗ್ಗೆ ಅವಳಿಗೆ ದೊಡ್ಡ ಸಿದ್ಧಾಂತಗಳಿರಲಿಲ್ಲ. ಸಂಗೀತ ಮನುಷ್ಯನನ್ನು ಮೇಲೆತ್ತುತ್ತದೆ ಎಂದು ಯಾರಾದರೂ ಭಾಷಣ ಮಾಡಿದರೆ ಅವಳಿಗೆ ಆಕಳಿಕೆ ಬರುತ್ತಿತ್ತು. ಸಂಗೀತ ಬಲ್ಲ ಧೂರ್ತರನ್ನು ಸಾಕಷ್ಟು ನೋಡಿದ್ದಳು. ಆದರೆ ಒಂದು ಮಾತು ಖಂಡಿತವಾಗಿ ಗೊತ್ತಿತ್ತು. ತನ್ನ ಅಪಸ್ವರವನ್ನು ತಾನು ಕೇಳಿಸಿಕೊಳ್ಳದೆ ಯಾರಿಗೂ ಸ್ವರ ದಕ್ಕುವುದಿಲ್ಲ. ಉಪ್ಪು ಹೆಚ್ಚಾಯಿತೆಂದು ತಿಳಿಯಬೇಕಾದರೆ ಬಾಯಿಗಿಟ್ಟೇ ನೋಡಬೇಕು. ಅವಳೂ ಬಾಡಿಗೆ ಕೋಣೆಯಲ್ಲಿ, ಪಕ್ಕದ ಮನೆಯವರು ಗೋಡೆ ಗುದ್ದುತ್ತಿದ್ದಾಗ ಹಾಗೇ ಕಲಿತವಳು. ಗೋಡೆ ಗುದ್ದಿದವರು ಕಮಾನು ಕಿತ್ತುಕೊಂಡಿರಲಿಲ್ಲ.

ಆ ವಾರವೆಲ್ಲ ಅವಳು ಶಾಲೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಲಾರಿ ಓಡಿಸುತ್ತಿದ್ದ ಗಂಡ ದಾರಿಯಿಂದ ಫೋನು ಮಾಡಿದಾಗ ವಿಷಯ ತೆಗೆದಳು. ಅವನ ಶಾಲೆ, ಅವನಿಷ್ಟ, ನಿನಗ್ಯಾಕೆ ಊರ ಉಸಾಬರಿ ಎಂದು ಅವನು ಇಟ್ಟುಬಿಟ್ಟ. ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು. ಸೊಸೆ ಅಭ್ಯಾಸಕ್ಕೆ ಕೂತಾಗಲೆಲ್ಲ 'ಶುರುವಾಯ್ತು ಕುಯ್ಯೋದು' ಎಂದು ಬಾಗಿಲು ಹಾಕಿಕೊಳ್ಳುವ ಮುದುಕಿ ಆಕೆ. ಸಂಗೀತದ ಪರ ವಹಿಸುತ್ತಾಳೆಂದು ಯಾರೂ ನಿರೀಕ್ಷಿಸುವಂತಿರಲಿಲ್ಲ.

"ತೊದಲುತ್ತೆ ಅಂತ ಮಗು ಬಾಯಿಗೆ ಬಟ್ಟೆ ತುರುಕ್ತಾರಾ ಯಾರಾದ್ರೂ?" ಎಂದಳು ಅತ್ತೆ, ತಲೆಯೆತ್ತದೆ. "ಹಾಗಂತ ಕೆಲಸ ಕಳ್ಕೊಂಡು ಬಂದು ಇಡೀ ದಿನ ಮನೇಲಿ ಕೂತು ಕುಯ್ದೀಯ ಮತ್ತೆ. ಅದನ್ನೂ ಯೋಚನೆ ಮಾಡು."

ಶುಕ್ರವಾರ ಸಂಜೆ ಟೀಚರ್ ಟೈಲರಮ್ಮನ ಅಂಗಡಿಗೆ ಹೋದಳು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ. ಬಾಗಿಲಲ್ಲಿ ತಲೆಯಿಲ್ಲದ ಗೊಂಬೆ, ಅದರ ಮೈಮೇಲೆ ಒಂದು ತೋಳು ಮಾತ್ರ ಕೂಡಿಸಿದ ಕರಿ ಕೋಟು. ಟೈಲರಮ್ಮ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಮೊಳಕಾಲೂರಿ ಅದರ ಅಂಚು ಮಡಚುತ್ತಿದ್ದಳು. ಬಲ ಮಣಿಕಟ್ಟಿಗೆ ಬಟ್ಟೆಪಟ್ಟಿ ಸುತ್ತಿತ್ತು. ಟೀಚರನ್ನು ನೋಡಿ ಸೂಜಿಗಳನ್ನು ತೆಗೆದು, ಕೈಯೇ ಸತ್ತುಹೋದ ಹಾಗಿದೆ, ದಿನಾ ಬಿಸಿನೀರು ಹಾಕುತ್ತಿದ್ದೇನೆ, ಎಷ್ಟು ಒತ್ತಿದರೂ ಸದ್ದು ಬರುತ್ತಿಲ್ಲ, ನಾಳೆ ನನ್ನನ್ನು ಬಿಟ್ಟುಬಿಡಿ ಎಂದಳು.

"ಕೈಗೇನೂ ಆಗಿಲ್ಲ ಅಕ್ಕ," ಎಂದಳು ಟೀಚರ್. ಆಮೇಲೆ ಎಲ್ಲವನ್ನೂ ಹೇಳಿದಳು. ರಾಳದ ವಿಷಯ, ಮೆಟ್ಟಿಲ ಹತ್ತಿರದ ಮಾತು, ತೊಳೆಸಿ ತಂದ ಇನ್ನೆರಡು ಕಮಾನು.

ಟೈಲರಮ್ಮ ಮಣಿಕಟ್ಟಿನ ಪಟ್ಟಿ ಬಿಚ್ಚತೊಡಗಿದಳು. ಬಿಚ್ಚಿ, ನೀಟಾಗಿ ಸುತ್ತಿ, ಹೊಲಿಗೆ ಯಂತ್ರದ ಮೇಲಿಟ್ಟಳು.

"ನಿಮಗೆ ಇದು ಯಾವತ್ತು ಗೊತ್ತಾಯ್ತು?"

"ಸೋಮವಾರ."

"ಸೋಮವಾರದಿಂದ ನನ್ನ ಕೈ ನೋಡ್ತಾನೇ ಇದ್ರಿ."

ಟೈಲರಮ್ಮ ಕತ್ತರಿಯನ್ನು ಎತ್ತಿ ಬೇರೆ ಕಡೆ ಇಟ್ಟಳು, ಮತ್ತೆ ಅಲ್ಲಿಂದ ಎತ್ತಿ ಮೊದಲಿನ ಜಾಗದಲ್ಲೇ ಇಟ್ಟಳು.

"ನಿಜ ಹೇಳಿ. ನಾನು ಎಷ್ಟು ಕೆಟ್ಟದಾಗಿ ಬಾರಿಸ್ತೀನಿ?"

"ದಪ್ಪ ತಂತಿಗೆ ಇಳಿಯೋ ಕಡೆ ತುಂಬಾ ಕೆಟ್ಟದಾಗಿ. ಮೊಣಕೈ ಎತ್ತೋದು ಮರೀತೀರಿ. ಉಳಿದ ಕಡೆ ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ?"

"ಪರವಾಗಿಲ್ಲ ಅಂದ್ರೆ ಪರವಾಗಿಲ್ಲ. ಚೆನ್ನಾಗಿದೆ ಅಂತ ಅಲ್ಲ."

ಟೈಲರಮ್ಮನ ಮುಖ ಸ್ವಲ್ಪ ಸಡಿಲವಾಯಿತು. ನಾಳೆ ತನ್ನ ತಂಗಿ ಬರುತ್ತಾಳೆ, ಅರ್ಧ ಬೀದಿಯ ಗಿರಾಕಿಗಳು ಬರುತ್ತಾರೆ ಎಂದಳು. ಮುದುಕಿಗೆ ಪಿಟೀಲಿನ ಚಪಲ ಎಂದು ತಂಗಿ ವರ್ಷವಿಡೀ ನಕ್ಕಿದ್ದಾಳೆ, ಹಿಂದೆ ಕೂತು ಸುಮ್ಮನೆ ಕೈ ಆಡಿಸಿ ಬರುತ್ತೀಯ ಬಿಡು ಎಂದಿದ್ದಾಳೆ. ನಿಜವಾಗಿ ಬಾರಿಸುತ್ತೇನೆಂದು ಆಣೆ ಮಾಡಿ ಆಕೆಯೊಡನೆ ಜಗಳವಾಡಿದ್ದಾಯಿತು.

"ಕೇಳಿ ನಗ್ಲಿ ಟೀಚರೇ, ತಡ್ಕೋತೀನಿ. ಬಾರಿಸದೇ ಇದ್ದದ್ದಕ್ಕೆ ಚಪ್ಪಾಳೆ ಹೊಡೆದ್ರೆ ಯಾವ ಮುಖ ಇಟ್ಕೊಂಡು ಸೋಮವಾರ ಅಂಗಡಿ ತೆಗೀಲಿ?" ಆಕೆ ಬಾಗಿಲ ಗೊಂಬೆಯ ಕಡೆ ಗದ್ದ ತಿರುಗಿಸಿದಳು. "ಅದಕ್ಕೆ ತಲೆ ಇಲ್ಲ, ಯಾರು ಏನು ಹಾಕಿದ್ರೂ ನಿಂತ್ಕೊಳ್ಳುತ್ತೆ. ನಂಗಿದೆ."

ಮರುದಿನ ಮಧ್ಯಾಹ್ನ, ಸಭಾಂಗಣದ ವೇದಿಕೆಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಕರಿ ಕೋಟು ತೊಟ್ಟು ಕೂತಿದ್ದರು. ಟೀಚರ್ ಚೀಲದಿಂದ ರಾಳದ ಉಂಡೆ ತೆಗೆದಳು. ಜೇನು ಬಣ್ಣದ ಸಣ್ಣ ಗಟ್ಟಿ, ಬಟ್ಟೆಯಲ್ಲಿ ಸುತ್ತಿದ್ದು. ಅದನ್ನು ಟೈಲರಮ್ಮನ ಅಂಗೈಯಲ್ಲಿಟ್ಟು, ಹಿಡಿಯುವುದು ಹೇಗೆ, ಎಷ್ಟು ಒತ್ತಬೇಕು, ಕೂದಲಿನ ಉದ್ದಕ್ಕೂ ಹೇಗೆ ಎಳೆಯಬೇಕು ಎಂದು ತೋರಿಸಿದಳು. ಇದನ್ನು ಮೊದಲ ದಿನವೇ ಕಲಿಸಬೇಕಿತ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ತೊಳೆದ ಕೂದಲು ಅಷ್ಟು ಸುಲಭಕ್ಕೆ ರಾಳ ಹಿಡಿಯುವುದಿಲ್ಲ. ಟೈಲರಮ್ಮ ಇಸ್ತ್ರಿ ಮಾಡುವವಳಂತೆ ತಾಳ್ಮೆಯಿಂದ ಉಜ್ಜಿದಳು. ಆಮೇಲೆ ಗುಮಾಸ್ತರು ಉಜ್ಜಿದರು, ಆಮೇಲೆ ಹುಡುಗಿ, ಅದನ್ನೂ ಬಾಯಿಬಿಟ್ಟು ಎಣಿಸುತ್ತಾ.

ಡೈರೆಕ್ಟರ್ ಬಂದಾಗ ಗಾಳಿಯಲ್ಲಿ ಬಿಳಿ ಪುಡಿ ತೇಲುತ್ತಿತ್ತು. ಅವನು ಮೊದಲು ತನ್ನ ಕೋಟಿನ ತೋಳು ಕೊಡವಿಕೊಂಡ. ಆಮೇಲೆ ಟೀಚರ್ ಹತ್ತಿರ ಬಂದು ದನಿ ತಗ್ಗಿಸಿದ.

"ಒಂದು ಕೀರಲು ಬಂತು ಅಂದ್ರೆ ನಾಳೆಯಿಂದ ನೀವು ನಮ್ಮ ಮೆಟ್ಟಿಲು ಹತ್ತೋದು ಬೇಡ ಮೇಡಂ."

"ಕೀರಲು ಬರುತ್ತೆ ಸಾರ್," ಎಂದಳು ಅವಳು, ದನಿ ತಗ್ಗಿಸದೆ. "ಎಲ್ಲಿ ಬರುತ್ತೆ ಅಂತಾನೂ ಹೇಳ್ತೀನಿ. ದಪ್ಪ ತಂತಿಗೆ ಇಳಿಯೋವಾಗ. ಬೇಕಾದ್ರೆ ಆಗ ಹೊರಗೆ ಹೋಗಿ ನಿಂತಿರಿ."

ಏನಂದ್ರು ಎಂದು ಗುಮಾಸ್ತರು ಹುಡುಗಿಯನ್ನು ಕೇಳಿದರು. ಹುಡುಗಿ ಅವರ ಕಿವಿಯ ಹತ್ತಿರ ಬಗ್ಗಿ ಇನ್ನೂ ಜೋರಾಗಿ ಅದನ್ನೇ ಹೇಳಿದಳು. ಪರದೆ ಎಳೆಯುವವನು ಸನ್ನೆ ಮಾಡುತ್ತಿದ್ದ. ಆ ಹೊತ್ತಿನಲ್ಲಿ ಹಿಂದಿನ ಸಾಲನ್ನು ಎಬ್ಬಿಸಿದರೆ ವೇದಿಕೆಯ ಮೇಲೆ ಖಾಲಿ ಕುರ್ಚಿಗಳು ಕಾಣುತ್ತವೆ. ಫಿನಿಶಿಂಗ್ ಸಾರ್ ದಾರಿ ಬಿಟ್ಟ.

ಹಾಡು ಶುರುವಾಯಿತು. ನುಣ್ಣಗಿರಲಿಲ್ಲ. ಹಿಂದಿನ ಸಾಲು ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು, ಗುಮಾಸ್ತರು ಒಂದು ಕಡೆ ಎಲ್ಲರಿಗಿಂತ ಮೊದಲೇ ಮುಗಿಸಿ ಕಾದರು. ಆದರೆ ಸದ್ದಿಗೆ ಒಂದು ದಪ್ಪ ಬಂದಿತ್ತು, ತುಂಬಿದ ಮನೆಯ ಹಾಗೆ. ಇಳಿಯುವ ಜಾಗ ಹತ್ತಿರವಾದಾಗ, ಮುಂದೆ ಕೂತು ಬಾರಿಸುತ್ತಿದ್ದ ಟೀಚರ್‌ಗೆ ತಾನು ಕಮಾನನ್ನು ಒತ್ತಿ ಜೋರಾಗಿ ಎಳೆದರೆ ಕೀರಲನ್ನು ಮುಚ್ಚಿಬಿಡಬಹುದು ಎನ್ನಿಸಿತು. ಸಣ್ಣ ಕೆಲಸ, ಯಾರಿಗೂ ಗೊತ್ತಾಗುವುದಿಲ್ಲ. ಅವಳು ಕಮಾನನ್ನು ಹಗುರ ಮಾಡಿದಳು.

ಕೀರಲು ಬಂತು. ಎಂದಿನ ತುಕ್ಕುಗೇಟೇ, ಈ ಸಲ ಇಡೀ ಸಭಾಂಗಣಕ್ಕೆ ಕೇಳಿಸುವಂತೆ. ಯಾರೋ ಕಿಸಕ್ಕೆಂದರು, ಆಮೇಲೆ ಇನ್ಯಾರೋ. ಟೈಲರಮ್ಮ ನಿಲ್ಲಿಸಲಿಲ್ಲ. ಮೊಣಕೈಯನ್ನು, ತಡವಾದರೂ, ಎತ್ತಿದಳು. ಕೀರಲಿನ ಬಾಲದಿಂದ ದಪ್ಪ ತಂತಿಯ ಸ್ವರ ಒರಟಾಗಿ ಈಚೆ ಬಂದು ಉಳಿದವರ ಜೊತೆ ಸೇರಿಕೊಂಡಿತು. ಕೊನೆಯಲ್ಲಿ ಚಪ್ಪಾಳೆ ಚದುರಿದ ಹಾಗೆ ಬಿತ್ತು, ಕೆಲವರು ಜೋರಾಗಿ, ಕೆಲವರು ಪಕ್ಕದವರನ್ನು ನೋಡಿ.

ವೇದಿಕೆಯ ಮೆಟ್ಟಿಲಿಳಿಯುವಾಗಲೇ ಡೈರೆಕ್ಟರ್ ಕೈ ಚಾಚಿದ. ತರಗತಿಯ ಕೀಲಿ. ಅವಳು ಗೊಂಚಲಿನಿಂದ ಅದನ್ನು ಬಿಡಿಸಿಕೊಟ್ಟಳು. ಗೊಂಚಲಿನ ರಿಂಗು ಬಿಗಿಯಾಗಿತ್ತು, ಉಗುರು ಮುರಿಯಿತು.

ಸಭಾಂಗಣದ ಪಕ್ಕದ ಓಣಿಯಲ್ಲಿ ವಾಹನಗಳು ಒತ್ತೊತ್ತಾಗಿ ನಿಂತಿದ್ದವು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಟೈಲರಮ್ಮ ಬಿರಬಿರನೆ ಹಿಂದಿನಿಂದ ಬಂದಳು. ಕರಿ ಕೋಟಿನ ಎದೆಯ ಮೇಲೆಲ್ಲ ಬಿಳಿ ಪುಡಿ, ಕೊಡವಿಕೊಂಡಿರಲಿಲ್ಲ.

"ಅಷ್ಟು ಜನರಲ್ಲಿ ನಿಂದೊಂದೇ ಕೇಳಿಸ್ತು ಅಂದ್ಲು ನನ್ನ ತಂಗಿ," ಎಂದಳು. ಅದು ಸಿಟ್ಟೋ ಹೆಮ್ಮೆಯೋ ಟೀಚರ್‌ಗೆ ತಿಳಿಯಲಿಲ್ಲ. ಟೈಲರಮ್ಮ ಆಗಲೇ ಪೆಟ್ಟಿಗೆಯನ್ನು ಯಾರದೋ ಸ್ಕೂಟರಿನ ಸೀಟಿನ ಮೇಲಿಟ್ಟು ಮುಚ್ಚಳ ತೆಗೆಯುತ್ತಿದ್ದಳು. "ಆ ಇಳಿಯೋ ಜಾಗ. ಇನ್ನೊಂದ್ಸಲ ತೋರಿಸಿ."

"ಇಲ್ಲೇನಾ?"

"ಇನ್ನೆಲ್ಲಿ? ಕೀಲಿ ಕೊಟ್ಬಿಟ್ರಲ್ಲ."

ಟೀಚರ್ ಆಕೆಯ ಹಿಂದೆ ನಿಂತು ಮೊಣಕೈಗೆ ಅಂಗೈ ಕೊಟ್ಟು ಮೇಲೆತ್ತಿದಳು. ನಿಧಾನ, ಎಂದಳು. ಮೊದಲ ಸಲ ಕೀರಿತು. ಎರಡನೆಯ ಸಲವೂ ಕೀರಿತು. ಸಭಾಂಗಣದಿಂದ ಹೊರಬರುತ್ತಿದ್ದ ಜನ ಓಣಿಯ ಬಾಯಲ್ಲಿ ನಿಂತು ನೋಡಿ, ಗೋಡೆಗೆ ಒರಗಿಕೊಂಡು ದಾಟಿಹೋದರು. ಸ್ಕೂಟರಿನವನು ಬಂದು ಏನೋ ಹೇಳಲು ಬಾಯಿ ತೆರೆದ. ಟೈಲರಮ್ಮ ಅವನ ಕಡೆ ನೋಡದೆ ಕಮಾನನ್ನು ಮತ್ತೆ ಬುಡದಿಂದ ಎಳೆಯತೊಡಗಿದಳು. ಅದು ಅವನ ಎದೆಯ ಮುಂದೆಯೇ ಉದ್ದಕ್ಕೆ ಚಾಚುತ್ತಾ ಹೋಯಿತು. ಅವನು ಕೈಯಲ್ಲಿ ಕೀಲಿ ಹಿಡಿದುಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಎಳೆತ ಕಮಾನಿನ ತುದಿ ಮುಟ್ಟುವವರೆಗೂ ನಿಂತಿದ್ದ.