ಬಖೂಮ್ ಭಾವನ ಪಿಸುಮಾತು

ನನ್ನ ಗಂಡನ ಅಣ್ಣ ಬಖೂಮ್ ಭಾವನಿಗೆ ಕಿವಿ ಮಂದ. ಅದನ್ನು ಅವರು ಒಪ್ಪುವುದಿಲ್ಲ, ಊರಿನವರೇ ಗೊಣಗಿ ಮಾತಾಡುವುದನ್ನು ಕಲಿತಿದ್ದಾರೆ ಅನ್ನುತ್ತಾರೆ. ಅವರು ಗುಟ್ಟಾಗಿ ಆಡಿದ ಮಾತು ನೈಲ್ ನದಿಯ ಆಚೆ ದಡದಲ್ಲಿ ಕಬ್ಬು ಕಡಿಯುವವರಿಗೂ ಕೇಳಿಸುತ್ತದೆ. ಅಂಥವರು ಒಂದು ಶುಕ್ರವಾರ ಸಂಜೆ ಪಾಪನಿವೇದನೆಗೆ ಬಂದರು.

ನಮ್ಮ ಇಗರ್ಜಿಯಲ್ಲಿ ಅದಕ್ಕೆ ಗೂಡಿಲ್ಲ, ಪರದೆಯಿಲ್ಲ. ಗುರುಗಳಾದ ಅಬೂನಾ ಬಿಶಾಯ್ ಮೂಲೆಯ ಬೆಂಚಿನಲ್ಲಿ ಕೂರುತ್ತಾರೆ. ಹೇಳಿಕೊಳ್ಳುವವರು ಅವರ ಪಕ್ಕದಲ್ಲಿ ಕೂರುತ್ತಾರೆ, ಉಳಿದವರು ದೂರದಲ್ಲಿ ಸರದಿ ಕಾಯುತ್ತೇವೆ. ಅಂದು ಹೆಂಗಸರ ಸಾಲಿನಲ್ಲಿ ನಾನು, ಪಕ್ಕದ ಮನೆಯ ಗಲೀಲಾ, ಇನ್ನೂ ಕೆಲವರಿದ್ದೆವು. ಗಂಡಸರ ಸಾಲಿನಲ್ಲಿ ನನ್ನ ಗಂಡ ಸಿದ್ರಾಕ್ ಕೂತಿದ್ದ. ಅಣ್ಣ ತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

"ಅಬೂನಾ, ಇದು ಯಾರ ಕಿವಿಗೂ ಬೀಳಬಾರದು," ಎಂದು ಭಾವ ಶುರುಮಾಡಿದರು. ಕಿಟಕಿಯಲ್ಲಿದ್ದ ಗುಬ್ಬಚ್ಚಿ ಹಾರಿಹೋಯಿತು. "ಸಿದ್ರಾಕ್ ನನ್ನ ಪಾರಿವಾಳ ಕದ್ದ ಅಂತ ನಾನು ಊರಿಗೆಲ್ಲ ಹೇಳಿದ್ನಲ್ಲ, ಅದು ಸುಳ್ಳು. ಪಾರಿವಾಳ ಸಾಕೋ ಗೋಪುರದ ಕಿಂಡಿ ಮುಚ್ಚು ಅಂತ ನನ್ನ ಹೆಂಡ್ತಿ ಬಾಯಿ ಬಡ್ಕೊಂಡ್ಲು. ನಾನು ಮುಚ್ಚಲಿಲ್ಲ. ಕಾಡುಬೆಕ್ಕು ನುಗ್ತು. ಉಳಿದ ಹಕ್ಕಿಗಳು ಹೆದರಿ ತಮ್ಮನ ಗೋಪುರಕ್ಕೆ ಹೋದ್ವು. ಅವಳು ಬೈತಾಳೆ ಅಂತ ತಪ್ಪು ಅವನ ತಲೆಗೆ ಕಟ್ಟಿದೆ. ಅವಳೂ ತೀರ್ಕೊಂಡ್ಲು. ಸುಳ್ಳು ಮಾತ್ರ ಹಾಗೇ ಉಳೀತು."

ನನ್ನ ಮೈ ಉರಿದುಹೋಯಿತು. ಆ ಸುಳ್ಳಿನ ದೆಸೆಯಿಂದ ನಾನು ಪಾರಿವಾಳ ಕಳ್ಳನ ಹೆಂಡತಿ ಅನ್ನಿಸಿಕೊಂಡಿದ್ದೆ. ಮಗಳ ಮದುವೆಯಲ್ಲಿ ಗೋಧಿ ತುಂಬಿ ಬೇಯಿಸಿದ ಪಾರಿವಾಳ ಬಡಿಸಿದಾಗ ಬೀಗರ ಕಡೆಯ ಹೆಂಗಸೊಬ್ಬಳು, "ಇದು ಯಾರ ಮನೆ ಹಕ್ಕಿ?" ಎಂದು ಕೇಳಿ ನಕ್ಕಿದ್ದಳು. ಮದುಮಗಳು ತಲೆ ತಗ್ಗಿಸಿದ್ದಳು. ಅದನ್ನು ನಾನು ಹೇಗೆ ಮರೆಯಲಿ?

ಅಬೂನಾ ಮೆಲ್ಲಗೆ ಏನೋ ಹೇಳಿದರು. "ಆಂ?" ಎಂದರು ಭಾವ. ಅಬೂನಾ ಮತ್ತೊಮ್ಮೆ ಹೇಳಿದರು. "ಆಂ?" ಕೊನೆಗೆ ಅಬೂನಾ ಸೋತು, ಶಿಲುಬೆಯನ್ನು ಅವರ ತಲೆಯ ಮೇಲಿಟ್ಟು ಕ್ಷಮೆಯ ಪ್ರಾರ್ಥನೆ ಮುಗಿಸಿ, ಗಂಟಲು ಹರಿಯುವಂತೆ ಕೂಗಿದರು: "ನಾಳೆ ಹಿಟ್ಟಿಗೆ ಕೈ ಹಾಕೋ ಮುಂಚೆ ತಮ್ಮನ ಹತ್ರ ಹೋಗಿ ಕ್ಷಮೆ ಕೇಳು!"

ಭಾನುವಾರದ ಪೂಜೆಗೆ ರೊಟ್ಟಿ ಸುಡುವವರು ಬಖೂಮ್ ಭಾವನೇ. ತಪ್ಪು ಹೇಳಿಕೊಂಡ ಮೇಲೆ ಅದನ್ನು ಸರಿಪಡಿಸದೆ ಆ ಹಿಟ್ಟನ್ನು ಮುಟ್ಟುವ ಹಾಗಿಲ್ಲ.

ಭಾವ ಹಗುರಾಗಿ ಎದ್ದು ಹೋದರು. ಗಲೀಲಾ ಗೋಡೆಯ ಮೇಲಿನ ಸಂತರನ್ನು ಈಗಷ್ಟೇ ಪರಿಚಯವಾದವರಂತೆ ನೋಡುತ್ತಿದ್ದಳು. ಅಬೂನಾ ನಮ್ಮ ಕಡೆ ತಿರುಗಿದರು. "ಇಲ್ಲಿ ಕೇಳಿದ್ದು ನಿಮ್ಮದಲ್ಲ, ದೇವರದ್ದು. ಬಾಯಿ ಬಿಟ್ಟವರು ಪರಮಪ್ರಸಾದಕ್ಕೆ ಬರಬೇಡಿ," ಎಂದರು. ಸಿದ್ರಾಕ್ ಮುಖದ ಮೇಲೆ ಕೈ ಇಟ್ಟುಕೊಂಡು ಕೂತಿದ್ದ.

ಅಲ್ಲಿಗೆ ಎಲ್ಲರ ಬಾಯಿಗೂ ಬೀಗ ಬಿತ್ತು. ಮನೆಯಲ್ಲಿ ನಾವಿಬ್ಬರೂ ಆ ಮಾತೆತ್ತಲಿಲ್ಲ. ಶನಿವಾರ ಬೆಳಿಗ್ಗೆ ಸಿದ್ರಾಕ್ ಬಾಗಿಲು ಹಾರುಹೊಡೆದು, ಹೊಸ್ತಿಲ ಎದುರಿಗೆ ಚಾಪೆ ಹಾಸಿ ಕೂತ.

"ಯಾರಾದ್ರೂ ಬರೋರಿದ್ದಾರಾ?" ಎಂದೆ.

"ಯಾರು ಬರ್ತಾರೆ? ಗಾಳಿ ಬರ್ಲಿ ಅಂತ," ಎಂದ. ಒಲೆಯ ಮೇಲೆ ಚಹಾ ಕುದಿಯುತ್ತಲೇ ಇತ್ತು.

ಊರೂ ಸುಮ್ಮನಿರಲಿಲ್ಲ. ಯಾರೂ ಏನೂ ಕೇಳಿಸಿಕೊಂಡಿಲ್ಲ, ಆದರೆ ಎಲ್ಲರಿಗೂ ಬಖೂಮ್ ಭಾವನನ್ನು ನಮ್ಮ ಓಣಿಗೆ ಅಟ್ಟುವ ಕೆಲಸ. ಗಲೀಲಾ ಭಾವನ ಮನೆಗೇ ಹೋಗಿ, "ನನ್ನ ಜರಡಿ ತಫೀದಾ ಮನೇಲಿದೆ, ಸ್ವಲ್ಪ ತಂದ್ಕೊಡಿ ಮಾವ," ಎಂದಳಂತೆ. ತಫೀದಾ ಅಂದರೆ ನಾನೇ. ಭಾವನಿಗೆ ಏನು ಕೇಳಿಸಿತೋ, ಒಳಗಿನಿಂದ ತಮ್ಮ ಕೊಡಲಿ ತಂದುಕೊಟ್ಟರಂತೆ. ಮಧ್ಯಾಹ್ನ ಭಾವ ಓಣಿಯ ತುದಿಯವರೆಗೆ ಬಂದದ್ದನ್ನು ನಾನೇ ಮಾಳಿಗೆಯಿಂದ ಕಂಡೆ. ನಿಂತರು, ಕೆಮ್ಮಿದರು, ತಿರುಗಿ ಹೋದರು. ನನಗೆ ನಿಜವಾಗಿಯೂ ಖುಷಿಯಾಯಿತು. ಒದ್ದಾಡಲಿ ಅನ್ನಿಸಿತು.

ಹೊತ್ತು ಇಳಿಯಿತು. ಇಗರ್ಜಿಯ ಹಿಂದಿನ ಒಲೆಮನೆಯನ್ನು ನಾವು ಬೇತ್ಲೆಹೇಮು ಎಂದು ಕರೆಯುತ್ತೇವೆ. ಶನಿವಾರ ಆ ಹೊತ್ತಿಗೆ ಅಲ್ಲಿಂದ ಹೊಗೆ ಏಳಬೇಕು. ಏಳಲಿಲ್ಲ. ಹೆಂಗಸರು ಮಾಳಿಗೆಗಳ ಮೇಲೆ ನಿಂತು ನೋಡಿದರು. ಒಲೆ ಹೊತ್ತದಿದ್ದರೆ ರೊಟ್ಟಿಯಿಲ್ಲ, ರೊಟ್ಟಿಯಿಲ್ಲದೆ ನಾಳೆ ಪೂಜೆಯಿಲ್ಲ.

ಸಿದ್ರಾಕ್ ಎದ್ದು ಶಾಲು ಹೊದ್ದುಕೊಂಡ.

"ಎಲ್ಲಿಗೆ?"

"ಅಣ್ಣನ ಹತ್ರ."

"ತಪ್ಪು ಮಾಡಿದೋನು ಅವನು, ಕಾಲಿಗೆ ಬೀಳೋನು ನೀನಾ?" ಅಬೂನಾ ಹಾಕಿದ ಬೀಗ ನನ್ನ ಬಾಯಿಂದ ಕಳಚಿತ್ತು.

"ಅವನಿಗೆ ಮಂಡಿನೋವು ಕಣೇ. ಇಷ್ಟು ದೂರ ಬರೋಕಾಗಲ್ಲ."

"ನೋವು ಮಂಡಿಗಲ್ಲ, ಮೀಸೆಗೆ!"

"ಮೀಸೆ ನಂಗೂ ಇದೆಯಲ್ಲ. ಇಷ್ಟು ವರ್ಷ ನಾನು ಇವತ್ತಿನ ಹಾಗೆ ಬಾಗಿಲು ತೆಗೆದಿಟ್ಟಿದ್ನಾ?" ಎನ್ನುತ್ತ ಹೊರಟೇಬಿಟ್ಟ.

ಹಿಂದೆಯೇ ನಾನೂ ಹೋದೆ. ಬೇತ್ಲೆಹೇಮಿನ ಒಳಗೆ ಹೆಂಗಸರು ಕಾಲಿಡುವುದಿಲ್ಲ, ಹೊಸ್ತಿಲಾಚೆ ನಿಂತೆ. ಭಾವ ಹಿಟ್ಟಿನ ಬೋಗುಣಿಯ ಮುಂದೆ ಕೈಕಟ್ಟಿ ಕೂತಿದ್ದರು. ಅವರು ತಲೆಯೆತ್ತುವ ಮೊದಲೇ ಸಿದ್ರಾಕ್ ನೆಲಕ್ಕೆ ಹಣೆ ಹಚ್ಚಿ, "ತಪ್ಪಾಯ್ತು ಅಣ್ಣ, ಹೊಟ್ಟೆಗೆ ಹಾಕ್ಕೋ," ಎಂದ.

"ಯಾಕೆ? ನೀನೇನು ಮಾಡ್ದೆ?" ಭಾವ ಗಾಬರಿಯಾದರು.

"ಅತ್ತಿಗೆ ಸತ್ತಾಗ ನಾನು ಬರಲಿಲ್ಲ."

ಅದನ್ನು ಕೂಗಿ ಹೇಳಬೇಕಾಗಲಿಲ್ಲ. ಹೇಗೋ ಅವರಿಗೆ ಕೇಳಿಸಿತು. ಆಮೇಲೆ ಭಾವ ಗೋಪುರ, ಕಿಂಡಿ, ಬೆಕ್ಕು ಎಲ್ಲವನ್ನೂ ಅಳುತ್ತ ಇನ್ನೊಮ್ಮೆ ಹೇಳಿದರು. ಸಿದ್ರಾಕ್ ಮೊದಲ ಸಲ ಕೇಳುವವನಂತೆ ಕೊನೆಯವರೆಗೂ ಕೇಳಿ, ಅಣ್ಣನನ್ನು ತಬ್ಬಿಕೊಂಡ. ಗಂಡಸರದು ಅಷ್ಟೇ, ಮುಗಿಯಿತು. ಮಗಳ ಮದುವೆಯಲ್ಲಿ ಪಾರಿವಾಳ ಬಡಿಸಿ ಆ ಮಾತು ಕೇಳಿಸಿಕೊಂಡವಳು ನಾನು.

ಭಾವ ನನ್ನನ್ನು ಕಂಡರು. ಗೋಡೆ ಹಿಡಿದು ಎದ್ದು, ಹೊಸ್ತಿಲಿಗೆ ಬಂದು, ಆ ಹಾಳು ಮಂಡಿಗಳನ್ನು ಮಡಚಿ ನನ್ನೆದುರು ಬಾಗಿದರು.

"ತಪ್ಪಾಯ್ತು ತಫೀದಾ."

ನಮ್ಮಲ್ಲಿ ಇದಕ್ಕೆ ಒಂದು ಉತ್ತರವಿದೆ. ಮನಸ್ಸಿಲ್ಲದವರಿಗೆ ಬಹಳ ಅನುಕೂಲದ್ದು. ನಾನೂ ಅದನ್ನೇ ಕೊಟ್ಟೆ, ಗಟ್ಟಿಯಾಗಿ, ಗಡುಸಾಗಿ: "ದೇವರು ಕ್ಷಮಿಸ್ಲಿ."

ಭಾವ ಮೇಲೇಳಲಿಲ್ಲ. "ದೇವರದ್ದು ನಿನ್ನೆನೇ ಆಯ್ತಮ್ಮ," ಎಂದರು. "ನಾನು ಕೇಳ್ತಿರೋದು ನಿನ್ನದು."

ದೇವರ ಬೆನ್ನ ಹಿಂದೆ ಅಡಗಿಕೊಳ್ಳೋಣವೆಂದರೆ ದೇವರೇ ಪಕ್ಕಕ್ಕೆ ಸರಿದು ನಿಂತಿದ್ದ. ಅವರ ನೆತ್ತಿ ಬೋಳಾಗಿತ್ತು. ಹೆಂಡತಿ ಇದ್ದಾಗ ಈ ಮನುಷ್ಯನ ಅಂಗಿಯ ಗುಂಡಿ ಒಂದೂ ಬಿಚ್ಚಿರುತ್ತಿರಲಿಲ್ಲ. ಈಗ ಒಂದೂ ಉಳಿದಿರಲಿಲ್ಲ. ನನಗೆ ಸಿಟ್ಟು ಇನ್ನೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನು ಹಿಡಿದು ನಿಲ್ಲಲು ಬೇಜಾರಾಯಿತು.

"ಮಗಳು ತಲೆ ತಗ್ಗಿಸಿದ್ಲು ಭಾವ. ಅವಳ ಮದುವೆ ದಿನ," ಎಂದೆ.

"ಗೊತ್ತು," ಎಂದರು. "ನಾನು ಬೀದೀಲಿ ನಿಂತು ನೋಡ್ತಿದ್ದೆ. ಒಳಗೆ ಬಂದು ನಿಜ ಹೇಳೋಕೆ ಎದೆ ಸಾಲಲಿಲ್ಲ."

ಇಷ್ಟು ವರ್ಷ ಆ ದಿನದ ನೋವು ನನಗೊಬ್ಬಳಿಗೇ ಸೇರಿದ್ದು ಎಂದುಕೊಂಡಿದ್ದೆ. ಬೀದಿಯಲ್ಲಿ ನಿಂತು ಇವರೂ ಅದನ್ನೇ ಹೊತ್ತಿದ್ದರು.

ನಾನು ಬಗ್ಗಿ ಅವರ ತೋಳಿಗೆ ಕೈಹಾಕಿದೆ. "ಏಳಿ ಭಾವ. ನಾನು ಕ್ಷಮಿಸಿದೀನಿ. ನಾನೇ," ಎಂದೆ. ಹೇಳಿದ ಮೇಲೆ ಅದು ನಿಜ ಎಂದು ನನಗೂ ತಿಳಿಯಿತು.